ಸೌಂದರ್ಯಾ ಕೋಂ ಸಿದ್ಧಲಿಂಗ

ಕ್ಯಾಪು ಕಚ್ಚಿ ಕಚ್ಚಿ ಚಪ್ಪಟೆಯಾಗಿದೆ, ನೀಲಿ ಪೆನ್ನಿನ ಕ್ಯಾಪು, ಎಷ್ಟು ಮಂದಿಯ ಅರ್ಜಿ ಬರೆಯುತ್ತ ಈ ಮನುಷ್ಯ ಅದನ್ನು ಅಗಿದಿದ್ದಾನೋ, ಈಗಲೂ ಹಲ್ಲಿನ ನಡುವೆಯೇ ಇದೆ, ಪೆನ್ನಿನ ತುದಿ ಮಾತ್ರ ಕಾಗದದ ಮೇಲೆ ನಿಂತುಬಿಟ್ಟಿದೆ, ಮುಂದೆ ಹೋಗಲೊಲ್ಲದು — ಸಂಬಂಧ ಅನ್ನೂದ್ರ ಮುಂದ ಏನ ಬರೀಲಿ ಅಕ್ಕಾರ, ಸತ್ತವರಿಗೆ ನೀವು ಏನ ಆಗಬೇಕು? ಕುಂದಗೋಳದ ತಾಲೂಕು ಕಚೇರಿಯ ಮೆಟ್ಟಿಲ ಬದಿಗೆ ತೊಡೆಯ ಮೇಲೆ ರಟ್ಟಿಟ್ಟುಕೊಂಡು ಕೂತು ಅರ್ಜಿ ಬರೆದುಕೊಡುವ ಪುಂಡಲೀಕ ಕನ್ನಡಕದ ಮೇಲಿಂದ ನೋಡುತ್ತಾನೆ, ಏನಾಗಬೇಕು ಅಂದರೆ ಮಹಾನಂದಾ ಏನು ಹೇಳಬೇಕು, ಸವತಿ ಅನ್ನಬೇಕೆ, ಕಿತ್ತಾಡಲು ಎದುರಿಗಿದ್ದರೆ ಸವತಿ, ಹಿಡಿದು ಎಳೆಯಲು ಜಡೆಯಿದ್ದರೆ ಸವತಿ, ಇವಳು ಆ ಮನೆಯ ಹೊಸ್ತಿಲು ತುಳಿಯುವ ಮೊದಲೇ ಮಣ್ಣು ಸೇರಿದವಳಿಗೆ ಏನನ್ನುತ್ತಾರೆ, ಗಂಡನ ಮೊದಲ ಹೆಂಡತಿ ಅಂದುಬಿಡಲೇ, ಅಂದರೆ ತಾನು ಎರಡನೆಯವಳು ಎಂದು ತನ್ನ ಬಾಯಿಂದಲೇ ಸರಕಾರಕ್ಕೆ ಬರೆದುಕೊಟ್ಟಂತೆ, ಒಲ್ಲೆ, ಅದೊಂದು ಒಲ್ಲೆ — ಅಷ್ಟರಲ್ಲಿ ಬೆನ್ನ ಹಿಂದಿನಿಂದ ಎಲೆಯಡಿಕೆ ತುಂಬಿದ ಬಾಯಿ, ತಂಗಿ ಅಂತ ಬರಿಯಪ್ಪಾ, ಸತ್ತಾಕಿ ನನ್ನ ದೊಡ್ಡ ಮಗಳು, ಇಕಿ ಸಣ್ಣಾಕಿ. ಪೆನ್ನು ಸರಸರನೆ ಓಡಿತು. ಹೇಳಿದವಳು ಅನ್ನವ್ವ, ಸತ್ತ ಸೌಂದರ್ಯಾಳ ಹೆತ್ತ ತಾಯಿ, ಕುಬಿಹಾಳದಿಂದ ಮೊದಲ ಬಸ್ಸಿಗೇ ಬಂದು ಇವಳಿಗಾಗಿ ಕಾದು ಕೂತವಳು.

ಸುಳ್ಳು ಹೇಳಿದ ಅಳುಕು ಮುದುಕಿಯ ಮುಖದಲ್ಲಿ ಎಳ್ಳಷ್ಟಿಲ್ಲ, ಅವಳ ಪಾಲಿಗೆ ಅದು ಸುಳ್ಳೂ ಅಲ್ಲವಲ್ಲ, ಮಗಳು ಸತ್ತ ಮನೆಗೆ ಇನ್ನೊಬ್ಬಳು ಸೊಸೆಯಾಗಿ ಬಂದರೆ ಅವಳನ್ನು ಕರೆದು ಉಡಿ ತುಂಬಿ ಮಗಳೆಂದು ಒಪ್ಪಿಕೊಳ್ಳುವುದು ಈ ಕಡೆಯ ಪದ್ಧತಿ, ಅನ್ನವ್ವನೂ ಒಪ್ಪಿಕೊಂಡಿದ್ದಳು, ಮದುವೆಯ ಅರಿಶಿನ ಇನ್ನೂ ಕೈಮೇಲಿದ್ದಾಗ ಕುಬಿಹಾಳದ ಪಡಸಾಲೆಯಲ್ಲಿ ಕೂರಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಎಲ್ಲ ಮಡಿಲಿಗೆ ಹಾಕಿ, ಹೋದ ಮಗಳ ಜಾಗಾದಾಗ ನೀ ಬಂದಿ ಬೇ ಎಂದು ಗಲ್ಲ ನೀವಿದಾಗ ಮಹಾನಂದಾಗೆ ಮೈ ಉರಿದಿತ್ತು, ಹೋದವಳ ಜಾಗ, ಯಾವ ಜಾಗ, ಅವಳು ಜಾಗ ಬಿಟ್ಟು ಎಲ್ಲಿ ಹೋಗಿದ್ದಾಳೆ, ಗೋಡೆಯ ಮೇಲಿದ್ದಾಳೆ, ಹೊಲದಲ್ಲಿದ್ದಾಳೆ, ಗಂಡನ ಗಂಟಲಲ್ಲಿದ್ದಾಳೆ. ಪ್ರತಿ ಪಂಚಮಿಗೆ ಮುದುಕಿ ಉಂಡಿ ಕಟ್ಟಿ ಕಳಿಸುತ್ತಾಳೆ, ಮಗಳೇ, ತವರಿಗೆ ಬಾರವ್ವ ಎಂದು ಹೇಳಿ ಕಳಿಸುತ್ತಾಳೆ, ಇವಳು ಒಮ್ಮೆಯೂ ಹೋಗಲಿಲ್ಲ, ನನಗೂ ಕಲಘಟಗಿ ಕಡೆ ತವರಿದೆ, ಎರವಲು ತವರು ಯಾಕೆ ಬೇಕು — ಉಂಡಿ ಮಾತ್ರ ತಿಂದಳು, ಅದೂ ಕದ ಮುಚ್ಚಿಕೊಂಡು. ನಿನ್ನೆ ಮಾತ್ರ ತಾನೇ ಫೋನು ಹಚ್ಚಿ, ಯವ್ವಾ, ಒಂದು ಕಾಗದಾ ಬೇಕಾಗೇತಿ, ಕುಂದಗೋಳಕ್ಕ ಬರ್ತಿ ಏನು ಎಂದು ಕೇಳಿದ್ದಳು, ಬೇಕಾದಾಗ ಅವ್ವ, ಬೇಡಾದಾಗ ಅನ್ನವ್ವ, ಮನುಷ್ಯರ ನಾಲಿಗೆಯೇ ಹೀಗೆ. ತಂಗಿ ಅಂದ್ರ ಭೇಷ್ ಆತು, ತಾಯಿನೂ ಜೋಡಿಗದಾರ, ಎನ್ನುತ್ತ ಪುಂಡಲೀಕ ಶಾಯಿಯ ಡಬ್ಬಿ ತೆರೆದ, ಅನ್ನವ್ವನ ಹೆಬ್ಬೆರಳು ಕಾಗದದ ಮೇಲೆ ಕೂತು ಎದ್ದಿತು. ಒಳಗಿನ ಎರಡನೇ ಕಿಟಕಿಗೆ ಕೊಡ್ರಿ ಎಂದ.

ಇಷ್ಟೆಲ್ಲ ಯಾತಕ್ಕೆ, ಒಂದು ಹೊಲಕ್ಕೆ, ಹೊಲಕ್ಕೂ ಅಲ್ಲ, ಅದರ ಪಹಣಿ, ಉತಾರ ಅನ್ನುತ್ತಾರಲ್ಲ, ಅದರ ಮೇಲಿನ ಒಂದು ಸಾಲಿಗೆ. ತಿರ್ಲಾಪುರದ ದಾರಿಬದಿಯ ಕರಿಮಣ್ಣಿನ ಎರಡೆಕರೆ, ಹತ್ತಿ ಚೆನ್ನಾಗಿ ಬರುವ ತುಂಡು, ಸಿದ್ಧಲಿಂಗ ಮೊದಲ ಮದುವೆಯ ಮರುವರ್ಷ ಅದನ್ನು ಕೊಂಡು ಹೆಂಡತಿಯ ಹೆಸರಿಗೇ ಬರೆಸಿದ, ಇವತ್ತಿಗೂ ಉತಾರ ತೆಗೆಸಿದರೆ ಮೊದಲ ಸಾಲಿನಲ್ಲಿ ಅವಳೇ ಕೂತಿರುತ್ತಾಳೆ, ಸೌಂದರ್ಯಾ ಕೋಂ ಸಿದ್ಧಲಿಂಗ, ಸಿದ್ಧಲಿಂಗನ ಹೆಂಡತಿ ಸೌಂದರ್ಯಾ. ಹಾಗಾದರೆ ದಿನಾ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ನಾನು ಯಾರು, ಹೊಲದಲ್ಲಿ ಹತ್ತಿ ಬಿಡಿಸಿ ಬೆರಳು ಸೀಳಿಕೊಂಡ ನಾನು ಯಾರು, ಮಗಳು ಭಾಗ್ಯಾಳನ್ನು ಹೆತ್ತ ನಾನು ಯಾರು. ಸತ್ತವರ ಹೆಸರಿನಲ್ಲೇ ಉಳಿದ ಹೊಲಗಳನ್ನು ಇದ್ದವರ ಹೆಸರಿಗೆ ಮಾಡಿಕೊಡುತ್ತೇವೆ, ಪೌತಿ ಮಾಡಿಸಿಕೊಳ್ಳಿ ಎಂದು ಹೊಲಮನೆಯ ಲೆಕ್ಕ ಬರೆಯುವ ತಲಾಠಿ ಊರಿಗೆ ಬಂದು ಚಾವಡಿಯಲ್ಲಿ ಕೂತ ದಿನ ಅರ್ಧ ಊರು ಅಲ್ಲಿ ನೆರೆದಿತ್ತು, ಸಿದ್ಧಲಿಂಗ ಹೋಗಲಿಲ್ಲ, ಇವಳು ಕೇಳಿದಾಗ ನೋಡೂಣು ಅಂದ, ಮತ್ತೆ ಕೇಳಿದಾಗ ನೋಡೂಣು ತಗೋ ಅಂದ, ಮೂರನೆಯ ಸಲ ಇವಳು ಒಲೆಯ ಮುಂದಿನಿಂದ ಎದ್ದೇಬಿಟ್ಟಾಗ ಮೆಲ್ಲಗೆ, ಬಹಳ ಮೆಲ್ಲಗೆ, ಸಾವಿನ ಕಾಗದಾ ಬೇಕಂತ ಅದಕ್ಕ, ಅದನ್ನ ಕೇಳಾಕ ನಾ ಹೋಗಂಗಿಲ್ಲ ಮಹಾನಂದಾ, ನಿನಗ ಬೇಕಂದ್ರ ನೀ ಹೋಗಿ ತಗೊಂಡ ಬಾ, ಎಲ್ಲಿ ಸಹಿ ಅಂತಿ ಅಲ್ಲಿ ಮಾಡ್ತೇನಿ ಅಂದ. ತನ್ನ ಹೆಸರಿಗಾಗಲಿ ಎಂದು ಇವಳಿಗೆ ಆಸೆಯಿಲ್ಲ, ಅವನ ಹೆಸರಿಗೇ ಆಗಲಿ, ಆ ಕೋಂ ಒಂದು ಅಳಿಯಬೇಕು. ಅಷ್ಟು ಸಾಕು.

ಹೊಟ್ಟೆಕಿಚ್ಚು ಅನ್ನುತ್ತೀರಾ, ಅನ್ನಿ, ಹೊಟ್ಟೆಕಿಚ್ಚೇ. ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುತ್ತಾರಲ್ಲ, ಹಾಗೆ, ಅವಳ ಕೈಯ ಶೇಂಗಾ ಹಿಂಡಿಯ ರುಚಿಯೇ ಬೇರೆ, ಅವಳು ಹಾಕುತ್ತಿದ್ದ ರಂಗೋಲಿಯೇ ಬೇರೆ, ಬಾಜು ಮನೆಯ ರಾಮವ್ವ ಈಗಲೂ ಹೇಳುತ್ತಾಳೆ, ಅಕಿ ನಕ್ಕರ ನಾಕ ಮನಿಗೆ ಕೇಳತಿತ್ತು ನೋಡ್ರಿ, ಎಂದು, ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಕಚ್ಚಿಕೊಳ್ಳುವ ಮೊದಲು ಹೇಳಿಯೇ ಇರುತ್ತಾಳೆ. ಹೊಲದಲ್ಲಿ ಬೇವಿನ ಗಿಡದ ಬುಡಕ್ಕೆ ಅವಳನ್ನು ಹೂಳಿದ ಗದ್ದಿಗೆ, ಬುತ್ತಿ ತೆಗೆದುಕೊಂಡು ಹೋದರೆ ಸಿದ್ಧಲಿಂಗ ಅದಕ್ಕೆ ಬೆನ್ನು ಕೊಡದೆ ಮಗ್ಗುಲಿಗೆ ತಿರುಗಿ ಕೂತು ಉಣ್ಣುತ್ತಾನೆ. ಹಿರಿಯರ ಹಬ್ಬಕ್ಕೆ ತರುವ ಹೊಸ ಸೀರೆ ಮೊದಲು ಅವಳ ಫೋಟೋದ ಮುಂದೆ, ಎಡೆಯ ಪಕ್ಕದಲ್ಲಿ, ಆಮೇಲೆ ಇವಳ ಮೈಮೇಲೆ, ಯಾವಾಗಲೂ ಗಿಳಿಹಸಿರೇ, ಬೆಳ್ಳಗಿದ್ದವಳಿಗೆ ಒಪ್ಪುತ್ತಿದ್ದ ಬಣ್ಣ, ಕಪ್ಪಗಿರುವ ಇವಳು ಅದನ್ನುಟ್ಟು ಕನ್ನಡಿ ನೋಡದೆ ಹೊರಗೆ ಬರುತ್ತಾಳೆ. ಆದರೂ ಒಂದಿದೆ, ಒಂದೇ ಒಂದು, ಅದು ಇವಳದು, ಯಾರೂ ಕಸಿಯಲಾರದ್ದು — ಸಿದ್ಧಲಿಂಗ ಇಷ್ಟು ವರ್ಷಗಳಲ್ಲಿ ಒಂದು ದಿನ ಇವಳ ಮೇಲೆ ಧ್ವನಿ ಏರಿಸಿಲ್ಲ. ಒಂದು ದಿನ. ಓಣಿಯ ಹೆಂಗಸರು ಬೋರಿನ ಮುಂದೆ ಗಂಡಂದಿರ ಬೈಗುಳ ಎಣಿಸುವಾಗ ಇವಳು ಸುಮ್ಮನೆ ಕೊಡ ತಿಕ್ಕುತ್ತಿರುತ್ತಾಳೆ, ನಿನಗೇನ ಬಿಡವ್ವಾ, ಬಂಗಾರದಂಥ ಗಂಡ, ಎಂದು ಅವರೇ ಅನ್ನುತ್ತಾರೆ, ಆಗ ಇವಳ ಎದೆ ತುಂಬುತ್ತದೆ, ಆಕೆಯ ಜೊತೆ ಹೇಗಿದ್ದನೋ ಯಾರಿಗೆ ಗೊತ್ತು, ನನ್ನ ಜೊತೆ ಹೀಗಿದ್ದಾನೆ, ನನ್ನ ಗುಣ ನೋಡಿ ಹೀಗಿದ್ದಾನೆ.

ಎರಡನೇ ಕಿಟಕಿಯ ಮುಂದೆ ಸಾಲು, ಸಾಲಿನ ಮುಂದೆ ಮಲಿಕಾಬಿ ಎಂಬ ಹೆಂಗಸು, ಮೊಮ್ಮಗಳನ್ನು ಶಾಲೆಗೆ ಹಾಕಲು ಹುಟ್ಟಿದ ಕಾಗದ ಬೇಕಂತೆ, ಹುಟ್ಟಿದ್ದು ಕಣ್ಣ ಮುಂದ ಐತಿ, ಓಡ್ಯಾಡಾಕತ್ತೈತಿ, ಆದ್ರೂ ಕಾಗದಾ ಬೇಕಂತ ನೋಡವ್ವಾ ಎಂದು ನಗುತ್ತಾಳೆ, ನಿಮ್ಮದೇನು? ಸಾವಿಂದ್ರಿ. ಹಾಂ, ಹಂಗಾದ್ರ ನೀ ಮುಂದ ಬಾ, ಹುಟ್ಟಿದವರಿಗೆ ಏನ ಅವಸರ, ಎಂದು ಜಾಗ ಬಿಡುತ್ತಾಳೆ, ಒಳ್ಳೆಯ ಹೆಂಗಸು, ಸತ್ತವಳ ಪುಣ್ಯದಿಂದ ಇಲ್ಲೂ ಮುಂದಿನ ಜಾಗ, ಎಲ್ಲ ಕಡೆ ಅವಳಿಗೇ ಮುಂದಿನ ಜಾಗ. ಎರಡು ಸಲ ನವಲಗುಂದಕ್ಕೆ ಅಲೆದು ಚಪ್ಪಲಿ ಸವೆಸಿದ್ದು ನೆನಪಾಗುತ್ತದೆ, ತಿರ್ಲಾಪುರ ನವಲಗುಂದ ತಾಲೂಕು, ಹೊಲ ಅಲ್ಲಿ, ಗದ್ದಿಗೆ ಅಲ್ಲಿ, ಅಂದ ಮೇಲೆ ಸಾವೂ ಅಲ್ಲೇ ಇರಬೇಕಲ್ಲ, ಅಲ್ಲಿನ ಕಚೇರಿಯವರು ವರ್ಷ ವರ್ಷದ ದಪ್ತರ ತಿರುವಿ ತಿರುವಿ ಇಲ್ರಿ, ಈ ಹೆಸರಿನವರು ನಮ್ಮ ತಾಲೂಕಿನ್ಯಾಗ ಸತ್ತೇ ಇಲ್ಲ ಅಂದಾಗ ಒಂದು ಗಳಿಗೆ ಇವಳಿಗೆ ಅನ್ನಿಸಿತ್ತು, ಸತ್ತೇ ಇಲ್ಲವೇ, ನಾನಂದುಕೊಂಡದ್ದು ಖರೆಯೇ, ಹಾಗಾದರೆ ಅವಳು ಇನ್ನೂ. ಆಗ ಅಲ್ಲಿನ ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಕೇಳಿದ್ದ, ಮಣ್ಣ ಎಲ್ಲಿ ಕೊಟ್ರಿ ಅಂತ ನಾ ಕೇಳಿಲ್ಲವ್ವಾ, ಜೀವ ಎಲ್ಲಿ ಹೋತು? ಜೀವವೇ, ಜೀವ ತವರಿನಲ್ಲಿ ಹೋಯಿತು, ಬಾಣಂತನಕ್ಕೆಂದು ಹೋದವಳು ಕುಬಿಹಾಳದಲ್ಲಿ. ಹಂಗಾದ್ರ ಅದು ಕುಂದಗೋಳ ತಾಲೂಕು, ಅಲ್ಲಿ ಕೇಳ್ರಿ, ಹೆಣಾ ತಂದು ಎಲ್ಲಿ ಬೇಕಾದಲ್ಲಿ ಮಣ್ಣ ಕೊಡಬಹುದು, ಸಾವು ತರಾಕ ಬರೂದಿಲ್ಲ. ಊರವರೆಲ್ಲ ಹೀಗೇ ಎಡವುತ್ತಾರಂತೆ, ಗದ್ದಿಗೆಯಿದ್ದಲ್ಲಿ ಸಾವು ಹುಡುಕುತ್ತಾರಂತೆ, ಇವಳೊಬ್ಬಳೇ ದಡ್ಡಿಯಲ್ಲ.

ವರ್ಷ ಯಾವುದ್ರಿ, ಕಿಟಕಿಯೊಳಗಿನ ಹುಡುಗಿ ಕೇಳುತ್ತಾಳೆ, ತುರುಬಿನಲ್ಲಿ ಅಬ್ಬಲಿಗೆ, ಬೆರಳುಗಳು ಕಂಪ್ಯೂಟರಿನ ಕೀಲಿಗಳ ಮೇಲೆ ಕಾಯುತ್ತಿವೆ, ಮಹಾನಂದಾ ಬಾಯಿ ತೆರೆಯುವಷ್ಟರಲ್ಲಿ ಅನ್ನವ್ವ, ಬೆಣ್ಣಿಹಳ್ಳ ಹೊಲಾ ಮನಿ ನುಂಗಿದ ವರ್ಷ ತಂಗಿ, ಸೀಗಿಹುಣ್ಣಿಮಿಗಿಂತ ಮೊದಲು. ಹುಡುಗಿ ನಗುವುದಿಲ್ಲ, ಅವಳಿಗೂ ಗೊತ್ತು ಆ ನೆರೆ ಯಾವಾಗ ಬಂದದ್ದೆಂದು, ಎರಡು ಸಾವಿರದ ಒಂಬತ್ತು ಎಂದು ತನಗೆ ತಾನೇ ಅಂದುಕೊಂಡು ಒತ್ತುತ್ತಾಳೆ, ಹಳೇದು ಐತಿ, ಒಳಗ ದಪ್ತರ ತಗಸಬೇಕು, ಕುಂದರ್ರಿ, ಕರೀತೇನಿ. ಕಲ್ಲು ಬೆಂಚು ತಂಪಾಗಿದೆ, ಅನ್ನವ್ವ ಮೊಳಕಾಲು ಹಿಡಿದುಕೊಂಡು ಕೂರುತ್ತಾಳೆ, ಅವಳ ಮೈಯಿಂದ ಹೊಗೆಸೊಪ್ಪಿನ ವಾಸನೆ, ಬಿಸಿಲ ವಾಸನೆ, ಇವಳು ಒಂದು ಗೇಣು ಸರಿಯುತ್ತಾಳೆ, ಮುದುಕಿ ಆ ಗೇಣನ್ನೂ ತುಂಬಿಕೊಂಡು ಹತ್ತಿರ ಬರುತ್ತಾಳೆ. ಕಾಗದ ಬೇಕೆಂದದ್ದಕ್ಕೆ ಒಂದು ಮಾತು ಕೇಳಲಿಲ್ಲ ಮುದುಕಿ, ಮಗಳ ಹೆಸರು ತೆಗೆಸಲು ಮಗಳ ತಾಯಿಯನ್ನೇ ಕರೆಸಿದೆನಲ್ಲ ಎಂದು ಒಂದು ಚೂರು ನಾಚಿಕೆ ಬಂತು, ಬಂದಷ್ಟೇ ಬೇಗ ಹೋಯಿತು. ನಿನ್ನ ಗಂಡ ಆರಾಮ ಅದಾನಿಲ್ಲ ಬೇ? ಅದಾರ. ಉಣ್ಣಾಕ ಇನ್ನೂ ಕಟಕಟಿ ಮಾಡ್ತಾನೇನು? ಕಟಕಟಿಯೇ, ಅವರೇ, ಇಲ್ಲ ಯವ್ವಾ, ಏನು ಹಾಕಿದರ ಅದನ್ನ ಉಣ್ತಾರ, ಉಪ್ಪಿಲ್ಲಂದ್ರೂ ಸುಮ್ನ ಉಣ್ತಾರ. ಅನ್ನವ್ವ ಇವಳನ್ನು ತಿರುಗಿ ನೋಡಿದಳು, ನಂಬದವರು ನೋಡುವಂತೆ ನೋಡಿದಳು, ಆಮೇಲೆ ಗುಳುಗುಳು ನಕ್ಕಳು.

ಅಂವ ಸುಮ್ನ ಉಣ್ತಾನ? ಯವ್ವಯವ್ವಾ, ನಿನಗ ಗೊತ್ತಿಲ್ಲ ತಗೋ, ಒಂದಿನ ಪಲ್ಯಾಕ ಉಪ್ಪ ಕಮ್ಮಿ ಅಂದನಂತ, ಅಂದದ್ದ ಅಂದ, ನಿಮ್ಮವ್ವ ಕಲಿಸಿದ್ದ ಇಷ್ಟೇನು ಅಂತ ಮ್ಯಾಲ ಒಂದ ಮಾತ ಹಚ್ಚಿದ, ನನ್ನ ಹೆಸರ ಬಂದ ಮ್ಯಾಲ ನನ್ನ ಮಗಳ ಸುಮ್ನಿರತಾಳೇನು, ಅವನ ಮುಂದಿನ ತಾಟ ಎತ್ತಿ ಒಗದಾಳ ನೋಡು ಅಂಗಳಕ್ಕ, ರೊಟ್ಟಿ ಒಂದ ಕಡೆ, ಪಲ್ಯಾ ಒಂದ ಕಡೆ, ಅಂವನೂ ತಂಬಗಿ ಒಗದ, ಇಬ್ಬರೂ ಹೊರಗ ಬಂದು ಊರ ಕೇಳೂವಂಗ ಒದರ್ಯಾಡಾಕತ್ರಂತ, ತಾಟ ಇನ್ನೂ ನಿಂತಿಲ್ಲ, ಅಂಗಳದ ಕಲ್ಲಿನ ಮ್ಯಾಲ ಗಿರಗಿರ ಗಿರಗಿರ ತಿರಗಾಕತ್ತೈತಿ, ಮೊದಲ ಅಕಿ ನೋಡಿದ್ಳಂತ, ಆಮ್ಯಾಲ ಅಂವ ನೋಡಿದ, ಬೈಯೂದ ಬಿಟ್ಟು ಇಬ್ಬರೂ ತಾಟ ನೋಡಕೋತ ನಿಂತ್ರಂತ, ಈಗ ನಿಂದರತೈತಿ, ಈಗ ನಿಂದರತೈತಿ ಅಂತ, ಅದು ಅಗದಿ ಹಟಾ ಹಿಡಿದಂಗ ತಿರಗಾಕತ್ತೈತಿ, ಅವಂಗ ನಗಿ ಬಂತು, ಅಕಿಗೂ ಬಂತು, ಹೊಟ್ಟಿ ಹಿಡಕೊಂಡ ನಕ್ಕು, ಅದs ತಾಟ ತೊಳದು ಅದರಾಗs ಇಬ್ಬರೂ ಕೂಡಿ ಉಂಡ್ರಂತ, ಪಂಚಮಿಗೆ ಬಂದಾಗ ಅಕೀನs ನನ್ನ ಮುಂದ ಹೇಳಿ ಹೇಳಿ ನಕ್ಕಳು. ಹೇಳುತ್ತ ಅನ್ನವ್ವನೂ ನಗುತ್ತಾಳೆ, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಅದು ನಗುವಿನ ನೀರೋ ಇನ್ನೊಂದೋ.

ಅಂಚು ನೆಗ್ಗಿದ ತಾಟು. ಆ ತಾಟು, ಸಿದ್ಧಲಿಂಗ ಇವತ್ತಿಗೂ ಉಣ್ಣುವುದು. ಸ್ಟೀಲಿನದು, ನೆಲದ ಮೇಲಿಟ್ಟರೆ ಒಂದು ಬದಿಗೆ ವಾಲುತ್ತದೆ, ಅವನು ರೊಟ್ಟಿ ಮುರಿದಾಗೊಮ್ಮೆ ಟಕ್ ಅನ್ನುತ್ತದೆ, ಇಷ್ಟು ವರ್ಷ ಎರಡು ಹೊತ್ತು ಅದನ್ನು ತಿಕ್ಕಿದವಳು ಇವಳು, ಬೂದಿ ಹಾಕಿ, ಸೋಪು ಹಾಕಿ, ಆ ನೆಗ್ಗಿನಲ್ಲಿ ಕೂತ ಜಿಡ್ಡನ್ನು ಉಗುರಿನಿಂದ ಕೆರೆದು, ಒಮ್ಮೆ ಭಾಂಡೆ ಮಾರುವವಳು ಬಂದಾಗ ಇದನ್ನು ಹಾಕಿ ಹೊಸದು ತಗೋತೇನ್ರಿ ಅಂದದ್ದಕ್ಕೆ ಇರಲಿ ಬಿಡು, ನನಗ ರೂಢಿಯಾಗೇತಿ ಅಂದಿದ್ದ, ರೂಢಿ, ಅದಕ್ಕೆ ರೂಢಿ ಅಂತ ಹೆಸರು. ಅವಳ ಕೈಯಿಂದ ಹಾರಿದ್ದು ಇವಳ ಕೈಯಲ್ಲಿ ತೊಳೆಸಿಕೊಂಡಿತು. ತಾಟು ತಿರುಗುತ್ತದೆ, ಆಚೆ ಅವನು, ಈಚೆ ಅವಳು, ಗಿಳಿಹಸಿರು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಅವನಿಗೆ ಆಗ ಮೀಸೆ ಕರ್ರಗಿತ್ತು, ಅವನು ಒದರುತ್ತಿದ್ದಾನೆ, ಸಿದ್ಧಲಿಂಗ ಒದರುವುದು ಹೇಗಿರುತ್ತದೆ, ಆ ಧ್ವನಿ ಎಂಥದ್ದು, ಹೆಂಡತಿಯಾಗಿ ಇಷ್ಟು ದಿನ ಬಾಳಿದವಳಿಗೆ ಗೊತ್ತಿಲ್ಲ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಜಗಳವನ್ನೇ ಕಾಣದವಳಿಗೆ ಆ ಊಟದ ರುಚಿ ಏನು ಗೊತ್ತು, ಆ ಮಲಗುವುದು ಏನು ಗೊತ್ತು. ಒಂದು ತಾಟಿನಲ್ಲಿ ಕೂಡಿ ಉಂಡರಂತೆ. ಇವಳು ಅವನು ಉಂಡು ಎದ್ದ ಮೇಲೆ ಉಣ್ಣುತ್ತಾಳೆ, ಅವನು ಏಳುವ ಮೊದಲು ಪ್ರತಿ ದಿನ ಅನ್ನುತ್ತಾನೆ, ಛಲೋ ಆಗಿತ್ತು. ಪ್ರತಿ ದಿನ ಅನ್ನುತ್ತಾನೆ.

ಇಷ್ಟಕ್ಕೆ ಬಿಡಬಹುದಿತ್ತು ಅನ್ನವ್ವ, ಬಿಡಲಿಲ್ಲ, ಹೆತ್ತ ಕರುಳು, ಒಮ್ಮೆ ಬಿಚ್ಚಿದರೆ ಪೂರ್ತಿ ಬಿಚ್ಚಬೇಕು. ಕಡೀ ಜಗಳ ಒಂದ ಕೆಟ್ಟ ಗಳಿಗ್ಯಾಗ ಬಂತು ನೋಡವ್ವಾ, ಏಳು ತಿಂಗಳ ತುಂಬಿತ್ತು, ಯಮನೂರಿಗೆ ಹೋಗಿ ಹರಕಿ ತೀರಿಸಿ ಬರ್ತೇನಿ ಅಂದ್ಳು, ಇಂಥಾ ದಿನದಾಗ ಬ್ಯಾಡ ಅಂದ ಅಂವ, ಮಾತಿಗೆ ಮಾತ ಬೆಳೀತು, ಬಸರಿಗೆ ಮಾಡೂ ಕುಬಸದ ಕಾರ್ಯಾನೂ ಕಾಯಲಿಲ್ಲ, ಗಂಟ ಕಟಗೊಂಡು ಒಬ್ಬಾಕೀನs ಬಸ್ ಹತ್ತಿ ಕುಬಿಹಾಳಕ್ಕ ಬಂದ್ಳು, ಬಂದ ಮ್ಯಾಲ ಬಾಗಿಲಾಗs ಕುಂದರತಿದ್ಳು, ಬರ್ತಾನ ಯವ್ವಾ, ಬೈಯಾಕರೆ ಬರ್ತಾನ ಅಂತ. ಅಂವ ಹಟಾ ಬಿಟ್ಟು ಹೊಂಟಾಗ ಮಳಿ ಹಿಡೀತು, ಹಳ್ಳಾ ತುಂಬಿ ಹಾದಿ ಮುಚ್ಚಿತು, ಆಚೀ ದಂಡಿಗೆ ಕುಂತಾನ, ಬಸ್ಸಿಲ್ಲ, ಬಂಡಿಯಿಲ್ಲ, ಈಚೀ ಕಡೆ ನಮ್ಮನ್ಯಾಗ ಅಕಿಗೆ ಬ್ಯಾನಿ ಸುರು ಆಗ್ಯಾವು, ದವಾಖಾನಿಗೆ ಒಯ್ಯಾಕ ಹಾದಿಯಿಲ್ಲ. ನೀರ ಇಳದ ಮ್ಯಾಲ ಅಂವ ಬಂದ, ತಾಯೀನೂ ಇಲ್ಲ, ಕೂಸೂ ಇಲ್ಲ. ಎದೀ ಬಡಕೊಂಡ, ನಮ್ಮ ಊರಾಗ ಮಣ್ಣ ಕೊಡಗೊಡಲಿಲ್ಲ, ಅಕೀ ಹೊಲಕ್ಕ ಒಯ್ತೇನಿ ಅಂದ, ಅಕೀ ಗದ್ದಿಗಿ ಮುಟ್ಟಿ ಆಣಿ ಮಾಡಿದ ಬೇ, ಇನ್ನ ಸಾಯೂ ತನಕ ಯಾರ ಮ್ಯಾಲೂ ಧ್ವನಿ ಏರಸಂಗಿಲ್ಲ ಅಂತ, ಅದಕ್ಕs ನಿನ್ನ ಮದಿವಿ ಹೊತ್ತಿನ್ಯಾಗ ನಾ ಅಂದ್ನೆಲಾ, ನನ್ನ ಸಣ್ಣ ಮಗಳು ಸುಖದಾಗ ಇರತಾಳ, ಅಂವ ಆಣಿ ಮುರಿಯೂ ಮಗ ಅಲ್ಲ. ಮುದುಕಿಯ ಕೈ ಇವಳ ಕೈಮೇಲೆ ಬಿತ್ತು, ಒರಟು ಕೈ, ಬೆಚ್ಚಗಿತ್ತು.

ಆ ಕೈ ತೆಗೆಯಲು ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ. ಹಾಗಾದರೆ ಅದೂ ಅವಳದೇ. ಬೋರಿನ ಮುಂದೆ ಎದೆ ತುಂಬಿಕೊಂಡು ಕೊಡ ತಿಕ್ಕಿದ್ದು ಅವಳ ಆಸ್ತಿಯ ಮೇಲೆ, ಬಂಗಾರದಂಥ ಗಂಡ ಅವಳು ಬಿಟ್ಟುಹೋದ ಬಂಗಾರ, ನನ್ನ ಗುಣ ನೋಡಿ ಅಲ್ಲ, ನನ್ನ ಮುಖ ನೋಡುವ ಮೊದಲೇ ಮಾಡಿದ ಆಣೆ, ಇವಳ ಜಾಗದಲ್ಲಿ ಯಾವ ಮಹಾನಂದಾ ಬಂದಿದ್ದರೂ ಅವನು ಛಲೋ ಆಗಿತ್ತು ಅನ್ನುತ್ತಿದ್ದ, ನೋಡೂಣು ಅನ್ನುತ್ತಿದ್ದ, ಆತು ಅನ್ನುತ್ತಿದ್ದ. ಅವನು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳದ ಪ್ರತಿ ಸಲ ಅವಳಿಗೆ ಕೊಟ್ಟ ಮಾತು ನಡೆಸುತ್ತಿದ್ದ, ನನ್ನ ಮುಂದೆ ಕೂತು, ನನ್ನ ರೊಟ್ಟಿ ತಿನ್ನುತ್ತ, ಅವಳಿಗೆ. ಉತಾರದ ಮೇಲಿಂದ ಅಳಿಸಬಹುದು, ತಲಾಠಿ ಅಳಿಸುತ್ತಾನೆ, ಇದನ್ನು ಯಾವ ಕಚೇರಿಯಲ್ಲಿ ಅಳಿಸುತ್ತಾರೆ, ಯಾವ ಕಿಟಕಿಗೆ ಹೋಗಬೇಕು, ಪುಂಡಲೀಕನ ಹತ್ತಿರ ಇದಕ್ಕೆ ಅರ್ಜಿ ಉಂಟೇ. ತಾಟು ತಿರುಗುತ್ತದೆ, ಅವಳು ಮೊದಲು ನೋಡಿದಳು, ಆಮೇಲೆ ಅವನು ನೋಡಿದ. ಸೌಂದರ್ಯಾ ಕೋಂ ಸಿದ್ಧಲಿಂಗ, ಯಾರ್ರಿ, ಸೌಂದರ್ಯಾ ಕೋಂ ಸಿದ್ಧಲಿಂಗ? ಕಿಟಕಿಯಿಂದ ಕೂಗು, ಇಡೀ ಪಡಸಾಲೆ ತಿರುಗಿ ನೋಡಿತು, ಹೆಸರು ಕೂಗಿದರೆ ಯಾರಾದರೂ ಏಳಬೇಕಲ್ಲ, ಮಹಾನಂದಾ ಎದ್ದಳು, ನಾನ್ರಿ ಅಂದಳು.

ಇಲ್ಲಿ ಸಹಿ ಮಾಡ್ರಿ, ಹುಡುಗಿ ಬೆರಳು ತೋರಿಸುತ್ತಾಳೆ, ಅರ್ಜಿದಾರರು ಮಹಾನಂದಾ, ಮೃತರ ತಂಗಿ, ಸರಿ ಐತಲ್ರಿ? ಸರಿ ಇದೆ, ಎಲ್ಲ ಸರಿ ಇದೆ, ಸರಕಾರದ ಲೆಕ್ಕಕ್ಕೆ ಸಿದ್ಧಲಿಂಗನಿಗೆ ಒಬ್ಬಳೇ ಹೆಂಡತಿ, ಅವಳು ಸತ್ತಿದ್ದಾಳೆ, ಅವಳಿಗೊಬ್ಬ ತಂಗಿಯಿದ್ದಾಳೆ, ಆ ತಂಗಿ ಬಂದು ಸಹಿ ಹಾಕಿ ಕಾಗದ ಒಯ್ದಳು. ಕಾಗದ ಇನ್ನೂ ಬೆಚ್ಚಗಿತ್ತು, ವಯಸ್ಸು ಇಪ್ಪತ್ತೆರಡು ಎಂದಿತ್ತು, ಸಾಯುವುದರಲ್ಲೂ ಒಂದು ಲಾಭ ನೋಡಿ, ಆಕೆ ಇಪ್ಪತ್ತೆರಡು ದಾಟಲೊಲ್ಲಳು, ಇವಳ ಕಿವಿಯ ಹತ್ತಿರ ಬಿಳಿ ಕೂದಲು ಬಂದಿದೆ. ಅನ್ನವ್ವ ಕಾಗದವನ್ನು ಕೈಗೆ ಇಸಿದುಕೊಂಡು ಓದಲು ಬಾರದ ಕಣ್ಣಿನಿಂದ ನೋಡಿದಳು, ಅಕೀ ಹೆಸರ ಯಾವುದು ತೋರಸು ಬೇ ಅಂದಳು, ಮಹಾನಂದಾ ತೋರಿಸಿದಳು, ಮುದುಕಿ ಅದರ ಮೇಲೆ ಬೆರಳಾಡಿಸಿ ಆ ಬೆರಳನ್ನು ಹಣೆಗೆ ಒತ್ತಿಕೊಂಡು ಕಾಗದ ವಾಪಸು ಕೊಟ್ಟಳು, ಈ ಪಂಚಮಿಗೆ ಬಾ, ಬರತೀ ಇಲ್ಲ? ಬರ್ತೇನಿ ಯವ್ವಾ. ಯಾಕೆ ಬರುತ್ತೇನೆ ಅಂದೆ ಎಂದು ಇವಳಿಗೇ ತಿಳಿಯಲಿಲ್ಲ, ಆ ಮನೆಯಲ್ಲಿ ಇನ್ನೂ ಏನೇನು ಕಥೆಗಳಿವೆಯೋ, ಕೇಳಬಾರದು, ಕೇಳದೆ ಇರಲೂ ಆಗದು. ಕುಬಿಹಾಳದ ಬಸ್ಸು ಬಂತು, ಮುದುಕಿ ಹತ್ತಿ ಕೂತಳು.

ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಗಾಡಿ ಇನ್ನೂ ಬಂದಿಲ್ಲ, ಬಿಸಿಲು, ಗಿರಮಿಟ್ಟಿನ ಗಾಡಿಯವನು ಈರುಳ್ಳಿ ಕೊಚ್ಚುತ್ತಿದ್ದಾನೆ, ಚೀಲದೊಳಗೆ ಫೋನು, ಸಿದ್ಧಲಿಂಗ, ಕಾಗದಾ ಸಿಕ್ತೇನು? ಸಿಕ್ತು. ಛಲೋ ಆತು. ಉಂಡೇನು? ಇಲ್ಲ. ಏನರೆ ತಿನ್ನು ಮತ್ತ, ಬಿಸಲಾಗ ತಿರುಗಬ್ಯಾಡ. ಇಷ್ಟೇ, ಯಾವಾಗಲೂ ಇಷ್ಟೇ, ಮೆತ್ತಗೆ, ಅವಳಿಗೆ ಕೊಟ್ಟ ಮಾತಿನ ಮೆತ್ತಗೆ, ಒದರು, ಒಮ್ಮೆ ಒದರು, ನನಗಾಗಿ ಒಮ್ಮೆ, ಸೂಳೆಮಗಳೇ ಅನ್ನು, ಬಾ ಮನೆಗೆ ನೋಡ್ಕೋತೇನಿ ಅನ್ನು — ಮತ್ತ ಕೇಳ್ರಿ, ಆ ನೆಗ್ಗಿದ ತಾಟ ಐತೆಲ್ಲ, ನೀವು ಉಣ್ಣೂದು, ನಾಳೆ ಭಾಂಡೇದಾಕಿಗೆ ಹಾಕಿಬಿಡ್ತೇನಿ ಅದನ್ನ. ಆ ಕಡೆ ಗಾಳಿಯ ಸದ್ದಿದೆ, ಹೊಲದಲ್ಲಿದ್ದಾನೆ, ಬೇವಿನ ಬುಡದಲ್ಲಿದ್ದಾನೆ, ಉಸಿರು ಕೇಳುತ್ತದೆ, ಉಸಿರು ಏರುತ್ತದೆ, ಏರಲಿ, ಇನ್ನಷ್ಟು ಏರಲಿ, ಬರಲಿ, ಇವಳು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಾಳೆ. ಉಸಿರು ಇಳಿಯಿತು. ಆತು, ನಿನ್ನ ಮನಸಿಗೆ ಬಂದಂಗ ಮಾಡು. ಅಲ್ರೀ, ಬೈಯ್ರಿ ನನಗ. ಯಾಕ ಬೈಲಿ, ನೀ ಏನ ತಪ್ಪ ಮಾಡೀದಿ ಮಹಾನಂದಾ, ಲಗೂನ ಮನೀಗೆ ಬಾ. ಫೋನು ತಣ್ಣಗಾಯಿತು, ಹುಬ್ಬಳ್ಳಿ ಗಾಡಿ ಬಂತು, ಜನ ಹತ್ತುತ್ತಿದ್ದಾರೆ, ಕಂಡಕ್ಟರ್ ಕರೆಯುತ್ತಿದ್ದಾನೆ, ಬರ್ರಿ ಅಕ್ಕಾರ, ಹುಬ್ಬಳ್ಳಿ, ಹುಬ್ಬಳ್ಳಿ, ಇವಳು ಹತ್ತುವುದಿಲ್ಲ, ಅಂಗಳದ ಕಲ್ಲಿನ ಮೇಲೆ ತಾಟು ತಿರುಗುತ್ತಿದೆ, ಆಚೆ ಅವನು, ಈಚೆ ಅವಳು, ಗಿರಗಿರ, ಗಿರಗಿರ, ಇಬ್ಬರಿಗೂ ಇನ್ನೂ ನಗು ಬಂದಿಲ್ಲ, ಈಗ ಬರುತ್ತದೆ, ಈಗ, ತಾಟು ತಿರುಗುತ್ತಿದೆ,